ಮುಳುಗಿದ ಖಂಡದಲ್ಲಿ ಆತ್ಮವನ್ನು ಹುಡುಕುವುದೇಕೆ?

(ಸಾತನೂರಿನ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಕಳೆದ ತಿಂಗಳು ಗೋಷ್ಠಿ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ತಡೆದು ಒಂದು ಹಾಳೆ ತೋರಿಸಿದರು. ಅವರ ಮಗಳಿಗೆ ಮೂರ್ಛೆ ಬರುತ್ತದೆ. ಹಿಂದಿನ ಜನ್ಮ ಹೇಳುವವರ ಬಳಿ ಕರೆದುಕೊಂಡು ಹೋಗಿದ್ದರಂತೆ. ಸಮುದ್ರದಲ್ಲಿ ಮುಳುಗಿದ ಅಟ್ಲಾಂಟಿಸ್ ನಾಡಿನಲ್ಲಿ ಆಕೆ ಪೂಜಾರಿಣಿಯಾಗಿದ್ದಳು, ಮಂತ್ರಶಕ್ತಿಯನ್ನು ಕೆಟ್ಟದ್ದಕ್ಕೆ ಬಳಸಿದಳು, ಮೂರ್ಛೆ ಅದರ ಫಲ ಎಂದು ಹಾಳೆಯಲ್ಲಿ ಬರೆದಿತ್ತು. ಹಣ ಹೋದದ್ದು ಹೋಗಲಿ, ಮಾತ್ರೆಯನ್ನೂ ನಿಲ್ಲಿಸಿದ್ದರು. ‘ಮೇಷ್ಟ್ರೇ, ಇದು ನಿಜವಾ?’ ಎಂದು ಕೇಳಿದರು. ‘ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದಂತೆ ಮಾತ್ರೆ ಶುರು ಮಾಡಿ. ಉಳಿದದ್ದನ್ನು ಮುಂದಿನ ತಿಂಗಳು ಹೇಳುತ್ತೇನೆ’ ಎಂದೆ. ಆ ಉಳಿದದ್ದೇ ಇವತ್ತಿನ ಮಾತು.

ಅಟ್ಲಾಂಟಿಸ್ ಮೊದಲು ಕಾಣುವುದು ಗ್ರೀಸ್‌ನ ಪ್ಲೇಟೋ ಬರೆದ ಸಂವಾದಗಳಲ್ಲಿ. ಲೆಮೂರಿಯಾದ ಕತೆ ಬೇರೆ. ಮಡಗಾಸ್ಕರಿನ ಪ್ರಾಣಿಗಳಿಗೂ ಭಾರತದ ಪ್ರಾಣಿಗಳಿಗೂ ಇರುವ ಹೋಲಿಕೆಯನ್ನು ವಿವರಿಸಲು 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಎಂಬ ಪ್ರಾಣಿಶಾಸ್ತ್ರಜ್ಞ ಊಹಿಸಿದ ಭೂಭಾಗ ಅದು. ಅಲ್ಲಿ ಮನುಷ್ಯರ ಮಾತೇ ಇರಲಿಲ್ಲ. 1888ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಬ್ಲಾವಟ್‌ಸ್ಕಿ ತಮ್ಮ ‘ದಿ ಸೀಕ್ರೆಟ್ ಡಾಕ್ಟ್ರಿನ್’ ಗ್ರಂಥದಲ್ಲಿ ಎರಡನ್ನೂ ಸೇರಿಸಿ, ಆತ್ಮಗಳ ಪಯಣದ ದೊಡ್ಡ ಪುರಾಣವನ್ನೇ ಕಟ್ಟಿದರು. ಆಮೇಲೆ ಅಮೆರಿಕದ ಎಡ್ಗರ್ ಕೇಸಿ ನಿದ್ದೆಯಂಥ ಸ್ಥಿತಿಯಲ್ಲಿ ಜನರ ಅಟ್ಲಾಂಟಿಸ್ ಜನ್ಮಗಳನ್ನು ಹೇಳಿದರು. ಆ ನಾಡಿನ ಒಂದು ಭಾಗ 1968–69ರಲ್ಲಿ ಮೇಲೇಳುತ್ತದೆ ಎಂದರು. ಯಾವ ಖಂಡವೂ ಮೇಲೇಳಲಿಲ್ಲ.

ಥಿಯೊಸಾಫಿಯವರು ಈ ದೇಶದ ಶಿಕ್ಷಣಕ್ಕೆ ಮಾಡಿದ ಕೆಲಸವನ್ನು ನಾನು ಅಲ್ಲಗಳೆಯುವುದಿಲ್ಲ. ಹರೆಯದಲ್ಲಿ ಆ ಪುಸ್ತಕಗಳನ್ನು ನಾನೂ ಆಸೆಪಟ್ಟು ಓದಿದವನೇ. ಆದರೆ ಭೂಮಿಯನ್ನೇ ಕೇಳೋಣ. ಭಾರತ, ಮಡಗಾಸ್ಕರ್ ಒಂದು ಕಾಲಕ್ಕೆ ಕೂಡಿಕೊಂಡಿದ್ದವು, ಸುಮಾರು 9 ಕೋಟಿ ವರ್ಷಗಳ ಹಿಂದೆ ಸರಿದು ದೂರವಾದವು. ನಡುವೆ ಮುಳುಗಿದ ಮನುಷ್ಯರ ನಾಡು ಬೇಕಾಗಿಯೇ ಇಲ್ಲ. ಆಗ ಮನುಷ್ಯನೇ ಹುಟ್ಟಿರಲಿಲ್ಲ. ಪ್ರಾಚೀನವಾದದ್ದನ್ನು ನೋಡಲು ಕಡಲಾಚೆಗೂ ಹೋಗಬೇಕಿಲ್ಲ. ಪಕ್ಕದ ಕಬ್ಬಾಳದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಅವನ್ನು ನೋಡಲು ದೇಶ ವಿದೇಶದ ಭೂವಿಜ್ಞಾನಿಗಳು ಬರುತ್ತಾರೆ.

ಕತೆಯಾಗಿ ಕೇಳಿದರೆ ತೊಂದರೆ ಇಲ್ಲ, ತೊಂದರೆ ಅದರೊಳಗಿನ ಲೆಕ್ಕದಲ್ಲಿದೆ. ಬ್ಲಾವಟ್‌ಸ್ಕಿ ಮಾನವಕುಲವನ್ನು ಏಳು ಮೂಲ ಜನಾಂಗಗಳಾಗಿ ಎಣಿಸಿದರು. ಲೆಮೂರಿಯಾದವರದು ಮೂರನೆಯದು, ಅಟ್ಲಾಂಟಿಸ್‌ನವರದು ನಾಲ್ಕನೆಯದು, ಆರ್ಯರದು ಐದನೆಯದು. ಕೆಲವು ಬುಡಕಟ್ಟಿನವರನ್ನು ಹಿಂದುಳಿದ ಪಳೆಯುಳಿಕೆ ಎಂದು ಕೆಳಗಿಟ್ಟರು. ಈ ಏಣಿ ನಮಗೆ ಗೊತ್ತಿಲ್ಲದ್ದೇನು? ಬಡವನಿಗೆ, ರೋಗಿಗೆ, ಕೇರಿಯವನಿಗೆ ‘ಇದು ನಿನ್ನ ಹಿಂದಿನ ಜನ್ಮದ ಪಾಪ’ ಎಂದು ಹೇಳಿಕೊಂಡು ಬಂದ ಹಳೆಯ ಏಣಿಯೇ. ಹೊಸ ಬಣ್ಣ ಬಳಿದಿದ್ದಾರೆ, ಅಷ್ಟೆ.

ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಆ ಏಣಿಯನ್ನೇ ಮುರಿದರು. ಇಷ್ಟಲಿಂಗ ದೀಕ್ಷೆಯಾದವನ ಪೂರ್ವಾಶ್ರಯವನ್ನು ಎತ್ತಬಾರದು ಎಂದರು. ಹರಳಯ್ಯ, ಮಧುವರಸರು ಬೀಗರಾದದ್ದು ಆ ನಂಬಿಕೆಯಿಂದ, ಅದಕ್ಕೆ ಅವರು ಪ್ರಾಣವನ್ನೇ ತೆತ್ತರು. ಪೂರ್ವಾಶ್ರಯವನ್ನೇ ಎತ್ತಬಾರದು ಎಂದ ಮೇಲೆ ಪೂರ್ವಜನ್ಮವನ್ನು ಎತ್ತಿ ಒಂದು ಮಗುವನ್ನು ಅಪರಾಧಿ ಮಾಡುವುದು ಶರಣಧರ್ಮವೇ?

ಆತ್ಮದ ಮೂಲವನ್ನು ನಮ್ಮ ಹಿರಿಯರು ಬಯಲು ಎಂದು ಕರೆದರು. ಅದಕ್ಕೆ ಭೂಪಟವಿಲ್ಲ, ಅದರಲ್ಲಿ ಮೇಲಿನ ಜನಾಂಗ, ಕೆಳಗಿನ ಜನಾಂಗ ಎಂಬುದಿಲ್ಲ. ಅದರ ದಾರಿ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ, ಇದೇ ಬದುಕಿನಲ್ಲಿ, ಕಾಯಕ ದಾಸೋಹಗಳ ನಡುವೆ ಇದೆ. ಆ ದಾರಿ ತೋರಿಸಲು ಫೀಸು ಕೊಡಬೇಕಿಲ್ಲ. ಅಂಗೈಯಲ್ಲಿ ಲಿಂಗ ಇರುವಾಗ ಸಮುದ್ರದ ತಳದಲ್ಲಿ ಏನನ್ನು ಹುಡುಕೋಣ?

ಆ ತಾಯಿ ಇವತ್ತು ಇಲ್ಲಿಗೆ ಬಂದಿದ್ದಾರೆ, ಮಗಳೂ ಬಂದಿದ್ದಾಳೆ. ಮಾತ್ರೆ ಮತ್ತೆ ಶುರುವಾಗಿದೆ. ಮಗಳೇ, ನೀನು ಯಾವ ನಾಡನ್ನೂ ಮುಳುಗಿಸಿದವಳಲ್ಲ. ನಿನಗಿರುವುದು ಕಾಯಿಲೆ, ಅದಕ್ಕೆ ಔಷಧ ಇದೆ. ಇಲ್ಲಿ ಕುಳಿತವರೆಲ್ಲ ಮನೆಗೆ ಹೋಗಿ ಇಷ್ಟನ್ನು ನೆರೆಯವರಿಗೆ ಹೇಳಿದರೆ ಇವತ್ತಿನ ಗೋಷ್ಠಿ ಸಾರ್ಥಕ.