ಕನ್ನಡದ ವಿನ್ಯಾಸಕ್ಕೆ ಕನ್ನಡದ ಕಣ್ಣು ಬೇಕು

(ಯಳವತ್ತಿಯಲ್ಲಿ ವಿನ್ಯಾಸ ವಿದ್ಯಾರ್ಥಿಗಳೆದುರು ಆಡಿದ ಮಾತಿನ ಬರಹರೂಪ)



ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾಲೇಜುಗಳಿಂದ ಇಷ್ಟು ದೂರ ಬಂದಿದ್ದೀರಿ. ನಿಂತ ನೆಲ ಯಾವುದೆಂದು ಮೊದಲು ತಿಳಿಯಿರಿ. ಹತ್ತಿರದ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇಲ್ಲಿದೆ ಎಂದು ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಹೆಸರಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳಲ್ಲಿ ಇದೂ ಒಂದು. ಇಲ್ಲಿ ನಿಂತು ಕನ್ನಡ ಅಕ್ಷರದ ಬಗ್ಗೆ ನಾಲ್ಕು ಮಾತು ಆಡದಿದ್ದರೆ ಹೇಗೆ?

ನಾಮಫಲಕದ ಶೇ. 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಬೀದಿಗಿಳಿದು ಹೋರಾಡಿದವರಿಗೆಲ್ಲ ಶರಣು. ಈಗ ಬೆಂಗಳೂರಿನ ಯಾವುದಾದರೂ ರಸ್ತೆಯಲ್ಲಿ ತಲೆಯೆತ್ತಿ ನೋಡಿ. ಇಂಗ್ಲಿಷ್ ಹೆಸರು ಮದುವಣಿಗನಂತೆ ಸಿಂಗರಿಸಿಕೊಂಡಿರುತ್ತದೆ. ಕನ್ನಡದ ಹೆಸರು ದಂಡ ಕಟ್ಟಲು ಬಂದವನಂತೆ ಮುಖ ಬಾಡಿಸಿಕೊಂಡಿರುತ್ತದೆ! ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ಜಾಗವನ್ನು ಕಾನೂನು ಕೊಡಿಸಿತು. ಅಂದವನ್ನು ಯಾರು ಕೊಡಬೇಕು? ಈ ವಿದ್ಯೆ ಕಲಿಯುತ್ತಿರುವ ನೀವು.

ನೀವೇನು ಮಾಡುತ್ತಿದ್ದೀರಿ? ಪೋಸ್ಟರ್ ಮುಗಿಸಿ ಬಿಹಾನ್ಸ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಹಾಕುತ್ತೀರಿ. ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಒಬ್ಬ 'ಸೂಪರ್' ಎನ್ನುತ್ತಾನೆ, ಇನ್ನೊಬ್ಬಳು ಚಪ್ಪಾಳೆಯ ಚಿತ್ರ ಒತ್ತುತ್ತಾಳೆ. ಅಲ್ಲಿಗೆ ಮುಗಿಯಿತು. ಸಾಲುಗಳ ನಡುವೆ ನೀವು ಇಂಗ್ಲಿಷಿನ ಅಳತೆಯ ಅಂತರ ಇಟ್ಟಿದ್ದೀರಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತಿದೆ ಎಂದು ಹೇಳಿದವರುಂಟೇ? ಕನ್ನಡ ಓದಿ ಬೆಳೆದ ಕಣ್ಣಿಗೆ ಅದು ಥಟ್ಟನೆ ಕಾಣುತ್ತದೆ. ಆ ಕಣ್ಣಿರುವ ಹುಡುಗ ಗದಗಿನಲ್ಲಿ ಚಿತ್ರಕಲೆ ಕಲಿಯುತ್ತಿರಬಹುದು. ಕನ್ನಡ ಮಾಧ್ಯಮದವನು, ನಿಮ್ಮ ಇಂಗ್ಲಿಷ್ ಚರ್ಚೆಯೊಳಗೆ ಬಾಯಿ ಬಿಡಲು ಅಂಜುತ್ತಾನೆ. ನಷ್ಟ ಅವನೊಬ್ಬನಿಗೇ ಎಂದುಕೊಂಡಿರಾ? ನಿಮ್ಮ ಕೆಲಸ ತಿದ್ದುವವನನ್ನೇ ನೀವು ಹೊರಗೆ ನಿಲ್ಲಿಸಿದ್ದೀರಿ.

ಕಂಪ್ಯೂಟರಿನಲ್ಲಿ ಕನ್ನಡ ಆಗದು ಎಂಬ ಸಬೂಬು ಬೇಡ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ಜತೆಗೆ 'ತುಂಗಾ' ಫಾಂಟ್ ಬಂತು. ಫೋಟೋಶಾಪ್, ಇಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಒಡೆದರೆ ಅಕ್ಷರದ ಸೆಟ್ಟಿಂಗ್‌ಗೆ ಹೋಗಿ, ಭಾರತೀಯ ಭಾಷೆಗಳ ಆಯ್ಕೆಯನ್ನೋ 'ವರ್ಲ್ಡ್ ರೆಡಿ' ಕಂಪೋಸರನ್ನೋ ಒತ್ತಿ. ಸರಿಹೋಗುತ್ತದೆ. ಇಷ್ಟು ಸಣ್ಣ ಗುಟ್ಟು ತಿಳಿಯದೆ ಎಷ್ಟೋ ಮಂದಿ ಯೂನಿಕೋಡ್‌ಗೆ ಮುಂಚಿನ ಫಾಂಟುಗಳಿಗೇ ಅಂಟಿಕೊಂಡಿದ್ದಾರೆ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಲ್ಲ, ಅಷ್ಟೇ!

ಹಂಚಿಕೊಂಡರೆ ಏನಾಗುತ್ತದೆ? ಮುಂಬಯಿಯ ಏಕ್ ಟೈಪ್ ಬಳಗವನ್ನು ನೋಡಿ. ಅವರು 'ಬಲೂ' ಎಂಬ ಅಕ್ಷರ ಕುಟುಂಬ ಕಟ್ಟಿದರು. ಅದರಲ್ಲಿ ಕನ್ನಡದ್ದು 'ಬಲೂ ತಮ್ಮ', ತಮಿಳಿನದು 'ತಂಬಿ', ತೆಲುಗಿನದು 'ತಮ್ಮುಡು', ಮಲಯಾಳದ್ದು 'ಚೇಟ್ಟನ್'. ಎಲ್ಲರೂ ಅಣ್ಣತಮ್ಮಂದಿರೇ! ಒಂದು ಲಿಪಿ ಇನ್ನೊಂದಕ್ಕೆ ಬಾಗಿಲು ಕಾಯಬೇಕಿಲ್ಲ, ಸರಿಸಮ ಕೂತು ಬೆಳೆಯಬಹುದು. ಆ ಫಾಂಟುಗಳು ಮುಕ್ತ ಪರವಾನಗಿಯವು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಿ ಕಲಿಯಬಹುದು, ತಿದ್ದಿ ಬೆಳೆಸಬಹುದು.

ಹಾಗಾದರೆ ನಿಮ್ಮ ಪಾಲಿನ ಕೆಲಸ ಕೇಳಿ. ಮುಗಿದ ಚಿತ್ರವನ್ನಷ್ಟೇ ಮೆರೆಸಬೇಡಿ, ಅರ್ಧ ಮಾಡಿದ್ದನ್ನೂ ತೋರಿಸಿ. ಕೆಳಗೆ ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ. ಆಗ ಕನ್ನಡದಲ್ಲಿ ಹುಡುಕುವವನಿಗೆ ನಿಮ್ಮ ಕೆಲಸ ಸಿಗುತ್ತದೆ. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. 'ಈ ಒತ್ತು ಸರಿಯಾಗಿ ಕೂತಿದೆಯೇ?' ಎಂದು ಕೇಳಿ. ನಿಮ್ಮದೊಂದು ಹಾಕಿದಾಗ ಬೇರೆಯವರ ಎರಡು ಕೆಲಸ ನೋಡಿ ಅಭಿಪ್ರಾಯ ಬರೆಯಿರಿ. ಬೆಟಗೇರಿಯ ಮಗ್ಗದ ಅಂಚು, ಲಕ್ಕುಂಡಿಯ ಬಾಗಿಲುವಾಡದ ಕೆತ್ತನೆ ಕಣ್ಣಿಗೆ ಬಿದ್ದರೆ ಫೋಟೋ ತೆಗೆದು, ಗೀಟು ಎಳೆದು, ಊರಿನ ಹೆಸರು ಹೇಳಿ ಹಂಚಿ. ನೇಯ್ದವರು ಒಪ್ಪಿದರೆ ಅವರ ಹೆಸರನ್ನೂ ಬರೆಯಿರಿ.

ಫಲಕದ ಮೇಲೆ ಕನ್ನಡಕ್ಕೆ ಜಾಗ ಸಿಕ್ಕಿದೆ. ಬನ್ನಿ, ಒಬ್ಬರನ್ನೊಬ್ಬರು ತಿದ್ದುತ್ತ ಅದನ್ನು ಚೆಂದವಾಗಿ ತುಂಬೋಣ.