ಅಕ್ಷದ ವಾಲುವಿಕೆ ಮತ್ತು ಋತುಗಳು: ಕೋನದಾಚೆಗಿನ ಪ್ರಶ್ನೆಗಳು

ಗ್ರಹವೊಂದರ ಭ್ರಮಣಾಕ್ಷವು ಅದರ ಕಕ್ಷೆಯ ಸಮತಲಕ್ಕೆ ಎಳೆದ ಲಂಬದಿಂದ ಎಷ್ಟು ಡಿಗ್ರಿ ಓರೆಯಾಗಿದೆಯೋ ಅದನ್ನು ಅಕ್ಷದ ವಾಲುವಿಕೆ ಎನ್ನುತ್ತಾರೆ. ಭೂಮಿಯ ಮಟ್ಟಿಗೆ ಸುಮಾರು 23.4 ಡಿಗ್ರಿಯಷ್ಟಿರುವ ಈ ಕೋನವೇ ಋತುಗಳಿಗೆ ಕಾರಣವೆಂಬುದು ಶಾಲೆಯ ಪಾಠ. ಪಾಠ ಸರಿಯಾದದ್ದೇ. ಉತ್ತರಾರ್ಧಗೋಳ ಚಳಿಯಲ್ಲಿರುವ ಜನವರಿಯ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪವಿರುತ್ತದೆಂಬುದು ಅದನ್ನು ಸಮರ್ಥಿಸುತ್ತದೆ. ಆದರೆ ಪಾಠ ಅಲ್ಲಿಗೇ ನಿಲ್ಲಬಾರದೆಂಬುದು ಈ ವಿಚಾರ ಸಂಕಿರಣದ ಆಶಯ: ವಾಲುವಿಕೆಯು ಬಿಸಿಲನ್ನು ಹಂಚುತ್ತದೆ, ಹಂಚಿದ ಬಿಸಿಲನ್ನು ಋತುವಾಗಿ ಮಾಡುವುದು ಕಕ್ಷೆಯ ಆಕಾರ, ವಾಯುಮಂಡಲ ಹಾಗೂ ನೆಲ.

ಇದಕ್ಕೆ ಬೆಂಗಳೂರಿನ ಆಕಾಶವೇ ಸಾಕ್ಷಿ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಈ ನಗರದಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮಧ್ಯದ ನಂತರ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಸೂರ್ಯನ ಎತ್ತರ ಎರಡು ಸಲವೂ ಒಂದೇ ಆದರೂ ಮೊದಲನೆಯದು ಕಡುಬೇಸಿಗೆ, ಎರಡನೆಯದು ಮುಂಗಾರಿನ ಮೋಡ ಕವಿದ ತಂಪು ದಿನ.

ಮಂಗಳದ ವಾಲುವಿಕೆ 25.2 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಭೂಮಿಯಷ್ಟೇ. ಆದರೆ ಅದರ ಕಕ್ಷೆ ಹೆಚ್ಚು ದೀರ್ಘವೃತ್ತಾಕಾರವಾಗಿರುವುದರಿಂದ, ಪುರರವಿಯಲ್ಲಿ, ಅಂದರೆ ಸೂರ್ಯನಿಗೆ ಅತಿ ಸಮೀಪದ ಬಿಂದುವಿನಲ್ಲಿ, ಅತಿ ದೂರದ ಬಿಂದುವಿಗಿಂತ ಸುಮಾರು ಶೇ. 45ರಷ್ಟು ಹೆಚ್ಚು ಬಿಸಿಲು ಬೀಳುತ್ತದೆ. ದಕ್ಷಿಣದ ಬೇಸಿಗೆ ಚಿಕ್ಕದೂ ತೀವ್ರವೂ ಆಗಿ, ಧೂಳಿನ ಬಿರುಗಾಳಿಗಳು ಆ ಕಾಲದಲ್ಲೇ ಹೆಚ್ಚುತ್ತವೆ.

ಉಪಗ್ರಹಗಳಲ್ಲಿ ಗಮನಕ್ಕೆ ಹೆಚ್ಚು ಅರ್ಹವಾದುದು ಟೈಟನ್. ಶನಿಯ ಸಮಭಾಜಕಕ್ಕೆ ಬಹುತೇಕ ಸಮಾನಾಂತರವಾಗಿ ಸುತ್ತುವುದರಿಂದ ಅದು ಶನಿಯ 26.7 ಡಿಗ್ರಿ ವಾಲುವಿಕೆಯನ್ನೇ ಪಾಲಿಗೆ ಪಡೆದಿದೆ; ಶನಿಯ ವರ್ಷ ಭೂಮಿಯ 29.5 ವರ್ಷಗಳಷ್ಟಿರುವುದರಿಂದ ಒಂದೊಂದು ಋತುವಿಗೆ ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕು. 2004ರಲ್ಲಿ ಶನಿಯನ್ನು ತಲುಪಿದ ಕ್ಯಾಸಿನಿ ನೌಕೆ ದಕ್ಷಿಣ ಧ್ರುವದ ಬಳಿ ಮೋಡಗಳನ್ನು ಕಂಡಿತು. 2009ರ ವಿಷುವದ ಬಳಿಕ ಸಮಭಾಜಕದ ಆಸುಪಾಸಿನಲ್ಲಿ ಮೀಥೇನ್ ಮಳೆ ಬಿದ್ದು ನೆಲ ಕಪ್ಪಾದುದನ್ನು ಗುರುತಿಸಿತು. 2017ರಲ್ಲಿ ಅದರ ಕಾರ್ಯಾಚರಣೆ ಮುಗಿದಾಗ ಅರ್ಧ ಶನಿವರ್ಷವೂ ತುಂಬಿರಲಿಲ್ಲ, ಆದ್ದರಿಂದ ಟೈಟನ್ನಿನ ಪೂರ್ಣ ಋತುಚಕ್ರವನ್ನು ಹತ್ತಿರದಿಂದ ಕಂಡ ಉಪಕರಣ ಇಂದಿಗೂ ಇಲ್ಲ.

ವಾಲುವಿಕೆ ಕಡಿಮೆಯಾದಲ್ಲಿ ಪರಿಣಾಮವೂ ಕಡಿಮೆಯೆಂದು ಭಾವಿಸುವುದು ತಪ್ಪಾಗುತ್ತದೆ. ಭೂಮಿಯ ಕಕ್ಷಾತಲದ ಲಂಬಕ್ಕೆ ಹೋಲಿಸಿದರೆ ಚಂದ್ರನ ಅಕ್ಷ ಕೇವಲ 1.5 ಡಿಗ್ರಿ ಓರೆಯಾಗಿದೆ. ಧ್ರುವಗಳಲ್ಲಿ ಸೂರ್ಯ ದಿಗಂತದಿಂದ ಹೆಚ್ಚು ಮೇಲೇರದ ಕಾರಣ ಅಲ್ಲಿನ ಆಳವಾದ ಕುಳಿಗಳ ತಳಕ್ಕೆ ಬಿಸಿಲೇ ಇಳಿಯುವುದಿಲ್ಲ, ಆ ಶೈತ್ಯದಲ್ಲಿ ನೀರಿನ ಮಂಜುಗಡ್ಡೆ ಉಳಿಯುತ್ತದೆ. ಅದರ ಗುರುತು ಸಿಕ್ಕಿದ್ದು 2008ರಲ್ಲಿ ಹಾರಿದ ಚಂದ್ರಯಾನ-1ರ ಮೇಲಿದ್ದ ಉಪಕರಣವೊಂದರ ದತ್ತಾಂಶದಲ್ಲಿ.

97.8 ಡಿಗ್ರಿ ವಾಲಿ, ಬದಿಗೆ ಮಲಗಿದಂತಿರುವ ಯುರೇನಸ್ಸಿನಲ್ಲಿ ಧ್ರುವಕ್ಕೆ ಸುಮಾರು 42 ವರ್ಷ ಹಗಲು, ಅಷ್ಟೇ ಕಾಲ ಇರುಳು. ಕೋನವೊಂದೇ ಎಲ್ಲವನ್ನೂ ನಿರ್ಧರಿಸುವಂತಿದ್ದರೆ ಧ್ರುವ ಮತ್ತು ಸಮಭಾಜಕಗಳ ಉಷ್ಣತೆಯಲ್ಲಿ ಅಪಾರ ಅಂತರ ಕಾಣಬೇಕಿತ್ತು. 1986ರಲ್ಲಿ ವಾಯೇಜರ್-2 ಅಳೆದಾಗ ಅವು ಹೆಚ್ಚುಕಡಿಮೆ ಒಂದೇ ಆಗಿದ್ದವು. ಈ ದಶಕದ ಕೊನೆಯ ವೇಳೆಗೆ ಅದರ ಇನ್ನೊಂದು ಧ್ರುವ ಸೂರ್ಯನಿಗೆ ಎದುರಾಗಲಿದ್ದು, ವಾಯುಮಂಡಲವು ಆ ಶಾಖವನ್ನು ಹೇಗೆ ಹರಡುತ್ತದೆಂಬ ಪ್ರಶ್ನೆಗೆ ಮಾದರಿಗಳನ್ನು ಈಗಲೇ ಸಿದ್ಧಪಡಿಸುವ ಬಗ್ಗೆ ಮುಂದಿನ ಗೋಷ್ಠಿಗಳು ಚರ್ಚಿಸಬೇಕೆಂಬುದು ಇಲ್ಲಿನ ನಿರೀಕ್ಷೆ.