‘ರಂಗಿತರಂಗ’ ನೋಡಿ ನಾವು ಹೆದರಿದ್ದು ಯಾವುದಕ್ಕೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೂತವರಿಗೆ, ರಾತ್ರಿ ಲೈಟ್ ಆಫ್ ಮಾಡಿ ಕೇಳ್ತಾ ಇರುವವರಿಗೆ, ಎಲ್ಲರಿಗೂ ಸ್ವಾಗತ. ಲೈಟ್ ಆಫ್ ಮಾಡಿದವರು ಬೇಕಿದ್ರೆ ಆನ್ ಮಾಡ್ಕೊಳ್ಳಿ. ಇವತ್ತಿನ ವಿಷಯ ಹಾರರ್.

ಹಾರರ್ ಸಿನಿಮಾ ಬಗ್ಗೆ ಮಾತಾಡುವಾಗೆಲ್ಲ ನಿಮ್ಮಲ್ಲಿ ತುಂಬಾ ಜನ ವಾಯ್ಸ್ ನೋಟ್ ಕಳಿಸ್ತೀರಿ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ ಉಂಟು: "ಕನ್ನಡದಲ್ಲಿ ಸ್ಲ್ಯಾಷರ್ ಸಿನಿಮಾ ಯಾವ್ದು?"

ಮೊದಲು ಸ್ಲ್ಯಾಷರ್ ಅಂದ್ರೆ ಎಂತ ಅಂತ ಎರಡು ಮಾತು. ಒಂದು ಸಣ್ಣ ಊರು. ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ಒಬ್ಬ ಮುಖ ಮುಚ್ಚಿಕೊಂಡವನು ಒಬ್ಬೊಬ್ಬರನ್ನೇ ಕೊಲ್ತಾ ಹೋಗ್ತಾನೆ. 1978ರ ‘ಹ್ಯಾಲೊವೀನ್’ ನೋಡಿ, ಊರಿನ ಹೆಸರು ಹ್ಯಾಡನ್‌ಫೀಲ್ಡ್. 1996ರ ‘ಸ್ಕ್ರೀಮ್’ ನೋಡಿ, ಊರಿನ ಹೆಸರು ವುಡ್ಸ್‌ಬರೋ. ಎರಡೂ ಕಲ್ಪಿತ ಊರುಗಳು. ‘ಹ್ಯಾಲೊವೀನ್’ ಮಾಡೋಕೆ ಹಿಡಿದದ್ದು ಸುಮಾರು 3 ಲಕ್ಷ ಡಾಲರ್, ಗಳಿಸಿದ್ದು ಕೋಟಿಗಟ್ಟಲೆ ಡಾಲರ್. ನಾನು ಬಿಕಾಂ ಓದಿದವ, ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ದೊಡ್ಡ ಸ್ಟಾರ್ ಬೇಡ, ದೊಡ್ಡ ಸೆಟ್ ಬೇಡ. ಒಂದು ಮನೆ, ಒಂದು ಕತ್ತಲೆ, ಒಂದು ಚಾಕು. ಕೊನೆಗೆ ಒಬ್ಬಳು ಹುಡುಗಿ ಉಳಿದು ಆ ಕೊಲೆಗಾರನನ್ನ ಎದುರಿಸ್ತಾಳೆ. ಅವಳಿಗೆ ‘ಫೈನಲ್ ಗರ್ಲ್’ ಅಂತ ಹೆಸರು ಕೊಟ್ಟದ್ದು ಕ್ಯಾರಲ್ ಕ್ಲೋವರ್ ಅನ್ನುವ ಅಮೆರಿಕದ ಪ್ರೊಫೆಸರ್.

ಈ ಲೆಕ್ಕದಲ್ಲಿ ಅಪ್ಪಟ ಸ್ಲ್ಯಾಷರ್ ಅಂತ ಹೇಳಬಹುದಾದ ಹಿಟ್ ಸಿನಿಮಾ ಕನ್ನಡದಲ್ಲಿ ನನಗಂತೂ ನೆನಪಾಗೋದಿಲ್ಲ. ಆದರೆ ಅದರ ಪಕ್ಕದ ಮನೆಯಲ್ಲೇ ಇರುವ ಒಂದು ಸಿನಿಮಾ ಉಂಟು. ಸಣ್ಣ ಊರು, ಕತ್ತಲೆ, ಒಬ್ಬೊಬ್ಬರಾಗಿ ಬಲಿಯಾಗುವ ಹೆಂಗಸರು. ಹೌದು, ‘ರಂಗಿತರಂಗ’.

2015ರ ಜುಲೈ 3ಕ್ಕೆ ಬಿಡುಗಡೆಯಾಯ್ತು. ನಿರ್ದೇಶಕ ಅನೂಪ್ ಭಂಡಾರಿಗೆ ಮೊದಲ ಸಿನಿಮಾ. ಹೀರೋ ಅವರ ತಮ್ಮ ನಿರೂಪ್ ಭಂಡಾರಿ, ಅವರಿಗೂ ಮೊದಲನೆಯದು. ರಾಧಿಕಾ ನಾರಾಯಣ್, ಆವಂತಿಕಾ ಶೆಟ್ಟಿ ಇಬ್ಬರೂ ಹೊಸಬರು. ಪರದೆ ಮೇಲೆ ಎಲ್ಲರಿಗೂ ಗೊತ್ತಿದ್ದ ಮುಖ ಅಂದ್ರೆ ಸಾಯಿಕುಮಾರ್. ಹಾಡುಗಳು ಅನೂಪ್ ಅವರದ್ದೇ, ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್ ಅವರದ್ದು. ಕಥೆ ನಡೆಯೋದು ನಮ್ಮ ಕರಾವಳಿ ಕಡೆಯ ಕಮರೊಟ್ಟು ಅನ್ನುವ ಕಲ್ಪಿತ ಊರಲ್ಲಿ.

ಕೊಲೆಗಾರ ಯಾರು ಅಂತ ನಾನು ಹೇಳೋದಿಲ್ಲ. ಇನ್ನೂ ನೋಡದವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಆದರೆ ಹತ್ತು ವರ್ಷ ಆಯ್ತಲ್ಲ, ಇಷ್ಟಂತೂ ಹೇಳ್ತೇನೆ: ಅಲ್ಲಿರೋದು ಮನುಷ್ಯನ ಕೈ.

ಈಗ ಜನ ಈ ಸಿನಿಮಾವನ್ನ ಹೇಗೆ ತಗೊಂಡ್ರು ಅಂತ ನೋಡುವ. ಅದೇ ಒಂದು ಥ್ರಿಲ್ಲರ್ ಮಾರ್ರೆ.

ಬಿಡುಗಡೆಯಾದ ಸರಿಯಾಗಿ ಒಂದು ವಾರಕ್ಕೆ, ಜುಲೈ 10ಕ್ಕೆ, ‘ಬಾಹುಬಲಿ’ ಬಂತು. ಮಲ್ಟಿಪ್ಲೆಕ್ಸ್‌ನವರಿಗೆ ಲೆಕ್ಕ ಸರಳ. ಒಂದು ಸ್ಕ್ರೀನ್‌ಗೆ ದಿನಕ್ಕೆ ಇಂತಿಷ್ಟೇ ಶೋ. ಅದನ್ನ ಹೊಸಬರ ಕನ್ನಡ ಸಿನಿಮಾಕ್ಕೆ ಕೊಡ್ತೀರಾ, ದೇಶವೇ ಕಾಯ್ತಿದ್ದ ‘ಬಾಹುಬಲಿ’ಗೆ ಕೊಡ್ತೀರಾ? ಚೆನ್ನಾಗಿ ಓಡ್ತಾ ಇದ್ದಾಗಲೇ ‘ರಂಗಿತರಂಗ’ದ ಶೋ ಕಡಿಮೆ ಮಾಡಿದ್ರು, ಕೆಲವು ಕಡೆ ತೆಗೆದೇಬಿಟ್ರು. ಆಗ ಫೇಸ್‌ಬುಕ್, ಟ್ವಿಟರ್‌ನಲ್ಲಿ ಎದ್ದ ಗಲಾಟೆ ನನಗೆ ಚೆನ್ನಾಗಿ ನೆನಪುಂಟು. ನಮ್ಮ ಊರಲ್ಲಿ ನಮ್ಮ ಸಿನಿಮಾಕ್ಕೇ ಜಾಗ ಇಲ್ವಾ ಅಂತ. ಸಿನಿಮಾ ಸಾಯಲಿಲ್ಲ. ಬಾಯಿಂದ ಬಾಯಿಗೆ ಹಬ್ಬಿ ಮತ್ತೆ ಎದ್ದು ಬಂತು, ಅಮೆರಿಕದ ಥಿಯೇಟರ್‌ಗಳಲ್ಲೂ ವಾರಗಟ್ಟಲೆ ನಡೀತು.

ಇನ್ನೊಂದು ವಾಟ್ಸಾಪ್ ಫಾರ್ವರ್ಡ್ ನೆನಪುಂಟಾ? "ರಂಗಿತರಂಗ ಆಸ್ಕರ್‌ಗೆ ಹೋಯ್ತು" ಅಂತ. ಅದು ಅರ್ಧ ನಿಜ. ಲಾಸ್ ಏಂಜಲೀಸ್ ಕೌಂಟಿಯ ಥಿಯೇಟರ್‌ನಲ್ಲಿ ಕನಿಷ್ಠ 7 ದಿನ ಓಡಬೇಕು ಅನ್ನುವಂಥ ಆಗಿನ ಕೆಲವು ನಿಯಮ ಪೂರೈಸಿದ ಸಿನಿಮಾಗಳ ಒಂದು ಅರ್ಹತಾ ಪಟ್ಟಿ ಇತ್ತು. ಆ ವರ್ಷ ಅದರಲ್ಲಿ 305 ಸಿನಿಮಾ ಇದ್ದವು, ಅದರಲ್ಲಿ ಇದೂ ಒಂದು. ನಾಮಿನೇಶನ್ ಅಲ್ಲ. ಆದರೆ ಹೊಸಬರ ಕನ್ನಡ ಸಿನಿಮಾ ಅಷ್ಟು ದೂರ ಹೋಗಿ ಏಳು ದಿನ ಓಡಿತು ಅನ್ನೋದೇ ಸಣ್ಣ ವಿಷಯ ಅಲ್ಲ.

ಮಂಗಳೂರಿನವರಾದ ನಮಗೆ ಮಾತ್ರ ಇನ್ನೊಂದು ಖುಷಿ ಇತ್ತು. ಅದು ‘ಡೆನ್ನಾನ ಡೆನ್ನಾನ’. ನಮ್ಮ ಅಪ್ಪ ಅಮ್ಮನ ಪ್ರಾಯದವರಿಗೆ ಆ ಶಬ್ದ ಕೇಳಿದ ಕೂಡಲೇ ನೆನಪಾದದ್ದು ‘ಗುಡ್ಡದ ಭೂತ’. ದೂರದರ್ಶನದಲ್ಲಿ ಬರ್ತಿದ್ದ ಧಾರಾವಾಹಿ, ಸದಾನಂದ ಸುವರ್ಣರು ನಿರ್ದೇಶಿಸಿದ್ದು, ಪ್ರಕಾಶ್ ರೈ ಇನ್ನೂ ಹುಡುಗ. ಆ ಧಾರಾವಾಹಿಯ ಶೀರ್ಷಿಕೆ ಹಾಡಿನ ನೆನಪೇ ಈ ಸಿನಿಮಾದಲ್ಲಿ ಹೊಸ ರೂಪದಲ್ಲಿ ಬಂತು. ಥಿಯೇಟರಲ್ಲಿ ನನ್ನ ಪಕ್ಕ ಕೂತಿದ್ದ ದೊಡ್ಡಮ್ಮ ಹೆದರುವ ಬದಲು ತಾಳ ಹಾಕ್ತಿದ್ರು. ಹಾರರ್ ಸಿನಿಮಾದಲ್ಲಿ ತಾಳ!

ಇದೇ ಸಿನಿಮಾ ನೋಡಿದ ಬೆಂಗಳೂರಿನ ಗೆಳೆಯರು ನನ್ನನ್ನ ಕೇಳಿದ್ದು ಬೇರೆ: "ನಿಮ್ಮ ಕಡೆ ನಿಜವಾಗ್ಲೂ ದೆವ್ವ ಜಾಸ್ತಿನಾ?" ಇಲ್ಲಿ ಒಂದು ಶಬ್ದದ ಎಡವಟ್ಟು ಉಂಟು. ಘಟ್ಟದ ಮೇಲೆ ಭೂತ ಅಂದ್ರೆ ದೆವ್ವ. ತುಳುನಾಡಲ್ಲಿ ಭೂತ ಅಂದ್ರೆ ದೈವ. ಪಂಜುರ್ಲಿ, ಜುಮಾದಿ, ಕೋಲ, ನೇಮ. ದೈವದ ಎದುರು ನಾವು ಕೈಮುಗಿದು ನಿಲ್ತೇವೆ, ನ್ಯಾಯ ಕೇಳ್ತೇವೆ. ಭಯ ಇಲ್ಲ ಅಂತಲ್ಲ. ಆದರೆ ಅದು ತಪ್ಪು ಮಾಡಿದವನಿಗೆ ಇರಬೇಕಾದ ಭಯ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಇದನ್ನ ವಿವರಿಸುವ ಕೆಲಸ ಕಡಿಮೆಯಾಯ್ತು. 2015ರಲ್ಲಿ ಪ್ರತಿಯೊಬ್ಬರಿಗೂ ಕೂತು ಹೇಳಬೇಕಿತ್ತು.

ಇಷ್ಟೆಲ್ಲ ಚರ್ಚೆ ಆಯ್ತು. ಬಾಹುಬಲಿ, ಆಸ್ಕರ್, ಹಾಡು, ಭೂತ, ಕ್ಲೈಮ್ಯಾಕ್ಸ್ ಟ್ವಿಸ್ಟ್. ಹತ್ತು ವರ್ಷ ಆದ್ಮೇಲೆ ಮತ್ತೆ ನೋಡಿದಾಗ ನನಗೆ ಕಾಡಿದ್ದು ಇದ್ಯಾವುದೂ ಅಲ್ಲ.

ಕಮರೊಟ್ಟಿನಲ್ಲಿ ಬಲಿಯಾಗೋದು ಗರ್ಭಿಣಿಯರು. ಒಬ್ಬಳಲ್ಲ. ಊರಿನವರಿಗೆ ಅದು ಗೊತ್ತುಂಟು. ಗೊತ್ತಿದ್ದೂ ಅವರ ಹತ್ತಿರ ಒಂದು ರೆಡಿ ಉತ್ತರ ಉಂಟು: ಅದು ಮನುಷ್ಯರ ಕೆಲಸ ಅಲ್ಲ. ಆ ಉತ್ತರ ಸಿಕ್ಕಿದ ಕೂಡಲೇ ಹುಡುಕುವ ಕೆಲಸ ನಿಲ್ಲುತ್ತೆ. ಕೊಲೆಗಾರನಿಗೆ ಬೇರೆ ಮುಖವಾಡ ಬೇಡ, ಊರೇ ಒಂದು ಹೊಲಿದು ಕೊಟ್ಟಿದೆ.

ಸಿನಿಮಾ ಅಲ್ವಾ, ಹಾಗೆಲ್ಲ ಎಲ್ಲಿ ಆಗುತ್ತೆ ಅಂತ ನಿಮಗೆ ಅನ್ನಿಸಬಹುದು. ಆಗಿದೆ. ಕಮರೊಟ್ಟಿನ ಕಥೆಗೂ ಈಗ ಹೇಳುವ ಪ್ರಕರಣಕ್ಕೂ ಸಂಬಂಧ ಇಲ್ಲ, ಅದು ಸ್ಪಷ್ಟ ಇರಲಿ. ಆದರೆ ನಮ್ಮ ಜಿಲ್ಲೆಯವರು ‘ರಂಗಿತರಂಗ’ ನೋಡುವ ಹೊತ್ತಿಗೆ ಇದು ನಮ್ಮ ಬೆನ್ನ ಹಿಂದೆಯೇ ಇತ್ತು.

2009ರಲ್ಲಿ ನಾನು ಪ್ರೈಮರಿ ಮುಗಿಸುವ ಹುಡುಗ. ಆಗ ಅಮ್ಮ ಕಾಲೇಜಿಗೆ ಹೋಗುವ ಅಕ್ಕನಿಗೆ ದಿನಾ ಹೇಳ್ತಿದ್ದ ಮಾತು, "ಯಾರು ಎಂತ ಕೊಟ್ರೂ ತಿನ್ಬೇಡ." ಪೇಪರ್ ತುಂಬ ಒಂದೇ ಹೆಸರು: ಸೈನೈಡ್ ಮೋಹನ್. ಬಂಟ್ವಾಳ ತಾಲೂಕಿನವನು, ಒಂದು ಕಾಲದಲ್ಲಿ ಶಾಲೆ ಮಾಸ್ತರ್. 2003ರಿಂದ 2009ರ ನಡುವೆ ಇಪ್ಪತ್ತು ಹೆಂಗಸರ ಕೊಲೆಯ ಕೇಸ್ ಅವನ ಮೇಲೆ ನಡೀತು. ವರದಕ್ಷಿಣೆ ಇಲ್ಲದೆ ಮದುವೆ ಆಗ್ತೇನೆ ಅಂತ ನಂಬಿಸೋದು, ಬೇರೆ ಊರಿಗೆ ಕರ್ಕೊಂಡು ಹೋಗಿ ಲಾಡ್ಜಲ್ಲಿ ಉಳಿಯೋದು, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದು ಗರ್ಭ ನಿಲ್ಲದ ಹಾಗೆ ಅಂತ ಒಂದು ಮಾತ್ರೆ ಕೊಡೋದು. ಆಮೇಲೆ ಲಾಡ್ಜಿಗೆ ವಾಪಸ್ ಹೋಗಿ ಅವಳ ಚಿನ್ನ ತಗೊಂಡು ಊರಿಗೆ ಬರೋದು. ಹೆಣ ಸಿಗ್ತಿದ್ದದ್ದು ಮೈಸೂರು, ಮಡಿಕೇರಿಯಂಥ ಕಡೆ ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ. ಗುರುತಿಲ್ಲದ ಹೆಂಗಸು ಅಂತ ಎಷ್ಟೋ ಫೈಲುಗಳು ಅಲ್ಲಲ್ಲೇ ಉಳಿದವು.

ಆರು ವರ್ಷ! ಅಷ್ಟು ದಿನ ಹೇಗೆ ನಡೀತು ಇದು?

ಇಲ್ಲಿ ಯಾರೂ ಭೂತದ ಹೆಸರು ಹೇಳಲಿಲ್ಲ. ಊರಿನ ಹತ್ತಿರ ಬೇರೆ ರೆಡಿ ಉತ್ತರ ಇತ್ತು: "ಯಾರದೋ ಜೊತೆ ಓಡಿಹೋಗಿದ್ದಾಳೆ." ಹೆಚ್ಚಿನವರು ಬಡ ಮನೆಯವರು. ವರದಕ್ಷಿಣೆ ಕೊಡಲಿಕ್ಕೆ ಆಗದೆ ಮದುವೆ ತಡವಾದವರೂ ಅದರಲ್ಲಿ ಇದ್ದರು. ಮರ್ಯಾದೆಗೆ ಹೆದರಿ ಎಷ್ಟೋ ಮನೆಯವರು ದೂರು ಕೊಡಲಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬಳು ಕಾಣೆಯಾದಾಗ ಬೇರೆ ಧರ್ಮದವನ ಜೊತೆ ಹೋಗಿದ್ದಾಳೆ ಅಂತ ಸುದ್ದಿ ಹಬ್ಬಿ ಪೊಲೀಸ್ ಸ್ಟೇಷನ್ ಮುಂದೆ ಪ್ರತಿಭಟನೆಯೇ ಆಯ್ತು. ಅದೂ ಒಂದು ರೆಡಿ ಉತ್ತರವೇ, ಅದೂ ಸುಳ್ಳಾಗಿತ್ತು. ಕೊನೆಗೆ ಅವನು ಸಿಕ್ಕಿದ್ದು ಪೊಲೀಸರು ಫೋನ್ ಕರೆಗಳ ದಾಖಲೆ ಹಿಡಿದು ಒಂದೊಂದೇ ನಂಬರ್ ಹಿಂದೆ ಹೋದಾಗ. ಒಂದು ದೂರನ್ನ ಸರಿಯಾಗಿ ಹಿಂಬಾಲಿಸಿದ್ದಕ್ಕೆ ಉಳಿದ ಅಷ್ಟೂ ಹೆಸರು ಹೊರಗೆ ಬಂದವು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ಕೋರ್ಟ್‌ನಿಂದ ಮೊದಲ ಶಿಕ್ಷೆ. ಇಪ್ಪತ್ತನೇ ಕೇಸಿನ ತೀರ್ಪು ಬರುವಾಗ 2020ರ ಜೂನ್ ಆಗಿತ್ತು.

2023ರಲ್ಲಿ ಸೋನಾಕ್ಷಿ ಸಿನ್ಹಾ ನಟಿಸಿದ ‘ದಹಾಡ್’ ಸೀರೀಸ್ ಬಂತಲ್ಲ, ಅದನ್ನ ನೋಡಿದ ನಮ್ಮೂರಿನವರಿಗೆಲ್ಲ ಈ ಪ್ರಕರಣವೇ ನೆನಪಾಯ್ತು. ಕಥೆ ನಡೆಯೋದು ರಾಜಸ್ಥಾನದಲ್ಲಿ. ನಮ್ಮ ಜಿಲ್ಲೆಯ ಗಾಯ ಅಷ್ಟು ದೂರ ಹೋಗಿ ಕಥೆಯಾಯ್ತು. ನಾವು ಇಲ್ಲಿ ಅವನ ಹೆಸರಿಗೆ ಒಂದು ವಿಷದ ಹೆಸರು ಅಂಟಿಸಿ ಇಟ್ಟುಕೊಂಡೆವು. ಆ ಇಪ್ಪತ್ತು ಹೆಂಗಸರು ಯಾರು, ಎಂತ ಕೆಲಸ ಮಾಡ್ತಿದ್ರು, ಎಂತ ಆಸೆ ಇಟ್ಕೊಂಡು ಆ ಬಸ್ ಹತ್ತಿದ್ರು ಅಂತ ಕೇಳಿದವರು ಕಡಿಮೆ.

ಹಾಲಿವುಡ್ ಸ್ಲ್ಯಾಷರ್‌ಗೂ ನಮ್ಮ ಕಥೆಗೂ ವ್ಯತ್ಯಾಸ ನನಗೆ ಕಾಣೋದು ಇಲ್ಲೇ. ಅಲ್ಲಿ ಊರು ಎಚ್ಚರ ಇದ್ದೂ ಕೊಲೆಗಾರ ಬರ್ತಾನೆ, ಅದು ಭಯ. ನಮ್ಮಲ್ಲಿ ಕೊಲೆಗಾರ ಬಂದು ಹೋದದ್ದೇ ಊರಿಗೆ ಗೊತ್ತಾಗೋದಿಲ್ಲ. ನನಗೆ ಹೆಚ್ಚು ಹೆದರಿಕೆ ಆಗೋದು ಇದಕ್ಕೆ.

ಇದಕ್ಕೆ ಒಂದು ಒಳ್ಳೆ ಜವಾಬು ಕೊಟ್ಟದ್ದು, ನಂಬ್ತೀರೋ ಇಲ್ವೋ, ಒಂದು ಕಾಮಿಡಿ. 2025ರ ಜುಲೈ 25ಕ್ಕೆ ಬಂದ ‘ಸು ಫ್ರಮ್ ಸೋ’. ನಿರ್ದೇಶನ ಜೆ.ಪಿ. ತುಮಿನಾಡು, ನಿರ್ಮಾಣದಲ್ಲಿ ರಾಜ್ ಬಿ. ಶೆಟ್ಟಿ. ದೊಡ್ಡ ಪ್ರಚಾರ ಇಲ್ಲದೆ ಬಂದು ನೂರು ಕೋಟಿ ದಾಟಿದ ಸಿನಿಮಾ. ಬಚ್ಚಲು ಮನೆ ಇಣುಕಲಿಕ್ಕೆ ಹೋಗಿ ಸಿಕ್ಕಿಬಿದ್ದ ಹುಡುಗ ತಪ್ಪಿಸಿಕೊಳ್ಳಲಿಕ್ಕೆ ಮೈಮೇಲೆ ದೆವ್ವ ಬಂದ ಹಾಗೆ ನಟಿಸ್ತಾನೆ. ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ನಮ್ಮ ಉಳ್ಳಾಲದ ಹತ್ತಿರದ ಸೋಮೇಶ್ವರವೇ. ಊರಿಗೆ ಊರೇ ನಂಬುತ್ತೆ, ನಾವು ಹೊಟ್ಟೆ ಹಿಡ್ಕೊಂಡು ನಗ್ತೇವೆ. ನಗ್ತಾ ನಗ್ತಾ ಒಂದು ಹೊತ್ತಲ್ಲಿ ಗೊತ್ತಾಗುತ್ತೆ, ಆ ಹೆಸರಿನ ಹಿಂದೆ ನಿಜವಾದ ಒಬ್ಬ ಹೆಂಗಸು ಇದ್ದಳು, ಅವಳಿಗೆ ಒಂದು ಮನೆ ಇತ್ತು, ಆ ಮನೆಯಲ್ಲಿ ಒಬ್ಬಳು ಮಗಳು ಇದ್ದಾಳೆ. ನಾನು ನೋಡಿದ ಶೋದಲ್ಲಿ ಅಲ್ಲಿಯವರೆಗೆ ಶಿಳ್ಳೆ ಹೊಡೀತಿದ್ದ ಹುಡುಗರು ಗಪ್‌ಚಿಪ್.

ಕೊನೆಗೆ ಎರಡು ಉಪಯೋಗಕ್ಕೆ ಬರುವ ಮಾತು. ಯಾರಾದ್ರೂ ಕಾಣೆಯಾದ್ರೆ 24 ಗಂಟೆ ಕಾಯಬೇಕು ಅಂತ ಒಂದು ನಂಬಿಕೆ ಉಂಟು. ಹಾಗೆ ಯಾವ ಕಾನೂನೂ ಇಲ್ಲ. ಕೂಡಲೇ ದೂರು ಕೊಡಬಹುದು. ಅಪರಾಧ ನಡೆದಿದೆ ಅನ್ನಿಸಿದ್ರೆ ನಮ್ಮ ಲಿಮಿಟ್ ಅಲ್ಲ ಅಂತ ಸ್ಟೇಷನ್‌ನವರು ವಾಪಸ್ ಕಳಿಸುವ ಹಾಗಿಲ್ಲ, ಜೀರೋ ಎಫ್‌ಐಆರ್ ಮಾಡಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಈಗಲೇ ಸೇವ್ ಮಾಡ್ಕೊಳ್ಳಿ, ನಾನು ಕಾಯ್ತೇನೆ.

ಆಯ್ತಾ? ಸರಿ. ‘ರಂಗಿತರಂಗ’ ನೋಡದವರು ನೋಡಿ, ನೋಡಿದವರು ಇನ್ನೊಮ್ಮೆ ನೋಡಿ. ಈ ಸಲ ಕೊಲೆಗಾರನನ್ನ ಹುಡುಕೋದು ಬೇಡ, ಊರಿನವರ ಮಾತು ಕೇಳಿಸ್ಕೊಳ್ಳಿ. ನಿಮ್ಮ ಊರಲ್ಲೂ "ಅವಳು ಹೋದಳು" ಅಂತ ಒಂದೇ ಸಾಲಲ್ಲಿ ಮುಗಿಸಿದ ಕಥೆ ಇದ್ರೆ, ಹೆಸರು ಹೇಳದೆ ನನಗೆ ವಾಯ್ಸ್ ನೋಟ್ ಕಳಿಸಿ. ಆ ಕಥೆಗಳನ್ನೇ ಇಟ್ಕೊಂಡು ಒಂದು ಸಂಚಿಕೆ ಮಾಡುವ. ಮುಂದಿನ ವಾರ ಸಿಗುವ. ಜಾಗ್ರತೆ, ನಮಸ್ಕಾರ.